ತಣ್ಣಗಾಗದ ಎಡಗಡೆ

ನಮ್ಮ ಶೆಡ್ಡಿನ ಅರ್ಧದಲ್ಲಿ ನಾನು ಕಾರುಗಳ ಸೀಟ್ ಕವರ್ ಹೊಲಿಯುತ್ತೇನೆ, ಇನ್ನರ್ಧದಲ್ಲಿ ನಾಡಿ ಡಾಕ್ಟ್ರು ಕಾರುಗಳ ಎ.ಸಿ. ರಿಪೇರಿ ಮಾಡುತ್ತಾರೆ. ನಡುವೆ ಗೋಡೆಯಿಲ್ಲ, ಒಂದು ಹಳೇ ಟಾರ್ಪಾಲು ಇಳಿಬಿಟ್ಟಿದೆ. ಅದರಿಂದ ಧೂಳು ನಿಲ್ಲುವುದಿಲ್ಲ, ಮಾತಂತೂ ನಿಲ್ಲುವುದೇ ಇಲ್ಲ. ಅವರ ವಿಚಾರ ನನಗೆ ತಿಳಿದಷ್ಟು ಅವರ ಹೆಂಡತಿಗೂ ತಿಳಿದಿರಲಾರದು ಎಂದು ನಾನು ಬೀಗುತ್ತಿದ್ದೆ. ಅದೆಂಥ ಪೊಳ್ಳು ಜಂಬ ಎನ್ನುವುದು ಆಮೇಲೆ ಗೊತ್ತಾಯಿತು.

ಅವರು ಓದಿದ ಡಾಕ್ಟ್ರಲ್ಲ. ರೋಗಿಯ ನಾಡಿ ಹಿಡಿದ ಹಾಗೆ ಕಾರಿನ ತಂಪನ್ನು ಕೈಯಿಂದಲೇ ನೋಡಿ ಹೇಳುತ್ತಾರೆಂದು ಬೀದಿಯವರು ಇಟ್ಟ ಹೆಸರು ಅದು. ಎ.ಸಿ. ಹಾಕಿಸಿ, ಹಿಂದಿನ ಸೀಟಿನಿಂದ ಮುಂದಿನ ಎರಡು ಸೀಟುಗಳ ನಡುವೆ ತೂರಿಕೊಂಡು, ಡ್ಯಾಶ್‌ಬೋರ್ಡಿನ ನಡುವಿನ ಎರಡು ಗಾಳಿ ಕಿಂಡಿಗಳಿಗೆ ಎರಡು ಅಂಗೈ ಒಡ್ಡುತ್ತಾರೆ. ಬಲಗಡೆಗೆ ಬಲಗೈ, ಎಡಗಡೆಗೆ ಎಡಗೈ. ಆಮೇಲೆ ಕಣ್ಣು ಮುಚ್ಚುತ್ತಾರೆ. ಆಗ ಗಿರಾಕಿ ಕೆಮ್ಮಿದರೂ ಅವರಿಗೆ ಸಿಟ್ಟು. ನನ್ನ ಹೊಲಿಗೆ ಮಿಷನ್ನನ್ನು ನಿಲ್ಲಿಸಿ ಎಂದು ಕೂಗಿದ್ದೂ ಉಂಟು. ಎರಡೂ ಅಂಗೈ ಒಂದೇ ತಂಪು ಎಂದರೆ ಕಾರು ಹೊರಗೆ ಹೋಗಬಹುದು, ಇಲ್ಲವೆಂದರೆ ಇಲ್ಲ.

ಥರ್ಮಾಮೀಟರ್ ಕಂಡರೆ ಅವರಿಗೆ ಮೈಯೆಲ್ಲ ಉರಿ. ಬೀದಿಯಾಚೆ ಕಾರಿನ ಬಿಡಿಭಾಗಗಳ ಅಂಗಡಿ ಇಟ್ಟಿರುವುದು ಅವರ ಭಾಮೈದ, ಹೆಂಡತಿಯ ತಮ್ಮ. ಕಿಂಡಿಗೆ ಸಿಕ್ಕಿಸಿದರೆ ಅಂಕಿ ತೋರಿಸುವ ಕಡ್ಡಿಯಂಥದ್ದೊಂದನ್ನು ಅವನೇ ಒಮ್ಮೆ ಪ್ರೀತಿಯಿಂದ ತಂದುಕೊಟ್ಟಿದ್ದ.

"ನಾನೇನು ಕುರುಡನೇನೋ, ಕೋಲು ಹಿಡ್ಕೊಂಡು ಓಡಾಡೋಕೆ? ತಗೊಂಡು ಹೋಗಿ ನಿನ್ನ ಗಾಜಿನ ಕಪಾಟಲ್ಲಿ ಇಟ್ಕೋ" ಎಂದಿದ್ದರು.

ಅವನು ನಗುತ್ತಲೇ ವಾಪಸು ಒಯ್ದ. ಆ ಮನುಷ್ಯನಿಗೆ ಸಿಟ್ಟು ಬಂದದ್ದನ್ನು ನಾನಂತೂ ಕಂಡಿಲ್ಲ. ಅಕ್ಕನ ಮನೆಯಲ್ಲೇ ಬೆಳೆದವನು, ಭಾವನ ಹತ್ತಿರವೇ ಕೆಲಸ ಕಲಿತವನು. ಅಂಗಡಿ ಇಟ್ಟ ಮೇಲೂ ಭಾನುವಾರದ ಊಟ ಅಕ್ಕನ ಮನೆಯಲ್ಲೇ. ಭಾವ ಬಡಿಸಿಕೊಂಡು ಕೂತರೂ ಅವನು ಬರುವ ತನಕ ಅನ್ನಕ್ಕೆ ಕೈ ಹಾಕುವುದಿಲ್ಲ ಎಂದು ಆ ಅಕ್ಕ ನನ್ನ ಬಳಿ ಹೊಟ್ಟೆಕಿಚ್ಚು ಪಟ್ಟವರಂತೆ ನಟಿಸುತ್ತಿದ್ದರು.

ಈ ಸಲದ ಬೇಸಿಗೆಯ ಆರಂಭದಲ್ಲಿ ಒಬ್ಬಾಕೆ ಕಾರು ತಂದರು. ಮನೆಯಲ್ಲೇ ಕೇಕ್ ಮಾಡಿ ತಾವೇ ಕೊಂಡೊಯ್ದು ಕೊಡುವವರು. ಪಕ್ಕದ ಸೀಟಿನ ಮೇಲೆ ಕೇಕಿನ ಡಬ್ಬಿ ಇಡುತ್ತಾರಂತೆ, ಹೋಗಿ ಮುಟ್ಟುವಷ್ಟರಲ್ಲಿ ಕೆನೆಯೆಲ್ಲ ಜರಿದು ಒಂದು ಬದಿಗೆ ಬಂದು ಕೂತಿರುತ್ತದಂತೆ.

"ನನ್ನ ಕಡೆ ಚಳಿ ಹಿಡಿಯೋ ಹಾಗೆ ಬರುತ್ತೆ, ಎಡಗಡೆ ಮಾತ್ರ ಸೆಕೆ. ಕೇಕನ್ನ ತೊಡೆ ಮೇಲೆ ಇಟ್ಕೊಂಡು ಓಡಿಸೋಕಾಗುತ್ತಾ ಹೇಳಿ" ಎಂದರು.

ಡಾಕ್ಟ್ರು ಕ್ರಮವಾಗಿಯೇ ನೋಡಿದರು, ಅದರಲ್ಲಿ ಎರಡು ಮಾತಿಲ್ಲ. ಗಾಳಿ ಸೋಸುವ ಫಿಲ್ಟರ್ ತೆಗೆದು ಝಾಡಿಸಿದರು. ಗ್ಯಾಸ್ ಕಡಿಮೆಯಾದರೂ ಕೆಲವು ಕಾರುಗಳಲ್ಲಿ ಒಂದು ಬದಿ ಮಾತ್ರ ಬಿಸಿಯಾಗುತ್ತದೆ, ಅದಕ್ಕೆ ಗೇಜು ಹಾಕಿ ನೋಡಿದರು. ಗ್ಯಾಸ್ ಸರಿಯಿತ್ತು. ಕೊನೆಗೆ ಕಳ್ಳ ಸಿಕ್ಕಿದ್ದು ಡ್ಯಾಶ್‌ಬೋರ್ಡಿನ ಹೊಟ್ಟೆಯೊಳಗೆ. ಅಲ್ಲಿ ಬಿಸಿಗಾಳಿ ತಣ್ಣನೆ ಗಾಳಿ ಬೆರೆಸುವ ಒಂದೊಂದು ರೆಕ್ಕೆ ಎರಡೂ ಬದಿಗೆ ಇರುತ್ತದೆ, ಅದನ್ನು ತಿರುಗಿಸಲು ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡ ಮೋಟಾರು. ಎಡಗಡೆಯ ಮೋಟಾರಿನ ಹಲ್ಲು ಮುರಿದು ರೆಕ್ಕೆ ಅರ್ಧದಲ್ಲೇ ನಿಂತಿತ್ತು. ಭಾಮೈದನಿಂದ ಹೊಸದು ತರಿಸಿ ಹಾಕಿದರು, ಹಿಂದಿನ ಸೀಟಿನಲ್ಲಿ ಕೂತು ಕೈ ಒಡ್ಡಿದರು, ಕಣ್ಣು ಮುಚ್ಚಿದರು.

"ಊಹೂಂ. ಎಡಗಡೆ ಬರ್ತಿಲ್ಲ."

ಬಿಚ್ಚಿದರು, ಮತ್ತೆ ಹಾಕಿದರು. ಊಹೂಂ. ಭಾಮೈದ ಒಂದು ಮಾತೂ ಆಡದೆ ಇನ್ನೊಂದು ಮೋಟಾರು ಕಳಿಸಿದ. ಅದಕ್ಕೂ ಊಹೂಂ. ಸೀಟಿನ ಅಳತೆ ತೆಗೆಯುವ ನೆಪದಲ್ಲಿ ನಾನು ಎಡಗಡೆ ಹೋಗಿ ಕೂತೆ. ಗಾಳಿ ನನ್ನ ಕುತ್ತಿಗೆಗೆ ಬಡಿದು ಮೈ ಜುಂ ಎಂದಿತು.

"ಡಾಕ್ಟ್ರೇ, ಇಲ್ಲಿ ಚೆನ್ನಾಗೇ ಬರ್ತಿದೆಯಲ್ಲ."

"ಸೂಜಿ ಹಿಡಿಯೋ ಕೈಗೆ ಎ.ಸಿ. ಏನು ಗೊತ್ತು ಟೈಲರಕ್ಕ? ನಿಮ್ಮ ಕೆಲಸ ನೋಡ್ಕೊಳ್ಳಿ."

ನಾನೂ ಬಿಡುವವಳಲ್ಲ. ಆದರೆ ಅವರ ಮುಖ ನೋಡಿ ಸುಮ್ಮನಾದೆ. ಕೋಪದ ಮುಖವಾಗಿರಲಿಲ್ಲ, ಹೆದರಿದ ಮುಖ.

ಆಮೇಲೆ ಅವರು ಮಾಡಿದ್ದನ್ನು ಹೇಳಲು ನನಗೇ ಬಾಯಿ ಬರುವುದಿಲ್ಲ. ಎರಡನೆಯದನ್ನೂ ಬಿಚ್ಚಿ, ಎರಡೂ ಮೋಟಾರು ಕೈಯಲ್ಲಿ ಹಿಡಿದು ದಡದಡ ಬೀದಿ ದಾಟಿದರು, ನಾನೂ ಹಿಂದೆಯೇ ಓಡಿದೆ. ಅಂಗಡಿಯಲ್ಲಿ ಬೆಳಗಿನ ಗಿರಾಕಿಗಳು ತುಂಬಿದ್ದರು, ಗ್ಯಾರೇಜಿನವರು, ಬಾಡಿಗೆ ಕಾರಿನ ಡ್ರೈವರುಗಳು. ಅಷ್ಟೂ ಜನರ ಎದುರಿಗೆ ಗಾಜಿನ ಕೌಂಟರಿನ ಮೇಲೆ ಮೋಟಾರುಗಳನ್ನು ಕುಕ್ಕಿದರು.

"ಡೂಪ್ಲಿಕೇಟ್ ಮಾಲು ಯಾರ್ಯಾರ ತಲೆಗೆ ಕಟ್ಟಬೇಕು ಅನ್ನೋದು ಬೇಡ್ವೇನೋ? ಅಕ್ಕನ ಗಂಡನಿಗೇ ಟೋಪಿ ಹಾಕ್ತೀಯಾ?"

ಭಾಮೈದ ಮೋಟಾರುಗಳ ಕಡೆ ನೋಡಲಿಲ್ಲ. ಭಾವನ ಎಡಗೈ ನೋಡಿದ, ಮುಖ ನೋಡಿದ. "ಬೇರೆ ತರಿಸಿಕೊಡ್ತೀನಿ ಭಾವ" ಎಂದ.

ಅಷ್ಟಕ್ಕೆ ಮುಗಿಯಬೇಕಿತ್ತು. ನಾಲಿಗೆಗೆ ಲಗಾಮಿಲ್ಲದಿದ್ದರೆ ಹೀಗೇ ಆಗುವುದು.

"ನಿನಗೆ ಅನ್ನ ಹಾಕಿ ಕೆಲಸ ಕಲಿಸಿದ್ದಕ್ಕೆ ಇದಾ? ಇನ್ಮೇಲೆ ನಮ್ಮನೆ ಹೊಸಲು ತುಳಿಬೇಡ."

ಒಬ್ಬ ಡ್ರೈವರು ತಾನು ಆರಿಸಿಕೊಂಡಿದ್ದ ಸಾಮಾನನ್ನು ಮೆಲ್ಲಗೆ ಕೌಂಟರಿನ ಮೇಲಿಟ್ಟು ಹೊರಗೆ ಹೋದ. ಅವನ ಹಿಂದೆ ಇನ್ನಿಬ್ಬರು ಹೋದರು. ಭಾಮೈದ ಗಾಜಿನ ಮೇಲೆ ಬಿದ್ದಿದ್ದ ಗ್ರೀಸನ್ನು ಬಟ್ಟೆಯಿಂದ ಒರೆಸುತ್ತಾ ನಿಂತಿದ್ದ.

ಬೇರೆಯದು ಬರುವ ತನಕ ಇರಲೆಂದು ಡಾಕ್ಟ್ರು ಎರಡರಲ್ಲಿ ಒಂದು ಮೋಟಾರನ್ನು ವಾಪಸು ತಂದು ಕಾರಿಗೆ ಹಾಕಿಟ್ಟರು. ಮಧ್ಯಾಹ್ನ ಕೇಕಿನಾಕೆ ಬಂದರು. ಕೆಲಸ ಆಗಿಲ್ಲ ಎಂದು ಡಾಕ್ಟ್ರು ಎಷ್ಟು ಹೇಳಿದರೂ ಕೇಳದೆ, ಕೈಯಲ್ಲಿದ್ದ ಡಬ್ಬಿಯನ್ನು ಎಡಗಡೆ ಸೀಟಿನ ಮೇಲಿಟ್ಟುಕೊಂಡು, ಆ ಉರಿಬಿಸಿಲಲ್ಲಿ ಊರೆಲ್ಲ ಒಂದು ಸುತ್ತು ಹಾಕಿ ಬಂದರು. ಡಬ್ಬಿ ತೆರೆದು ನಮಗೆ ತೋರಿಸಿದರು. ಕೆನೆಯಲ್ಲಿ ಮಾಡಿದ ಹೂವಿನ ಒಂದು ಎಸಳೂ ಅಲ್ಲಾಡಿರಲಿಲ್ಲ.

"ಸರಿಹೋಗಿದೆಯಲ್ಲಾ, ಮತ್ತೇನು ನಿಮ್ಮ ತಕರಾರು?" ಎಂದರು.

ಡಾಕ್ಟ್ರು ಹಿಂದಿನ ಸೀಟಿಗೆ ಹತ್ತಿದರು. ಬಲಗೈ ಬಲಕ್ಕೆ, ಎಡಗೈ ಎಡಕ್ಕೆ, ಕಣ್ಣು ಮುಚ್ಚಿ. ತಲೆಯಾಡಿಸಿದರು, ಇಲ್ಲ ಎಂದು.

ನನಗೆ ಯಾಕೆ ಹಾಗೆ ಹೊಳೆಯಿತೋ. "ಡಾಕ್ಟ್ರೇ, ಕೈ ಬದಲಾಯಿಸಿ ನೋಡಿ" ಎಂದುಬಿಟ್ಟೆ.

ಅವರು ಕೈಗಳನ್ನು ಅಡ್ಡಡ್ಡ ಹಾಯಿಸಿ, ಬಲಗೈಯನ್ನು ಎಡ ಕಿಂಡಿಗೂ ಎಡಗೈಯನ್ನು ಬಲ ಕಿಂಡಿಗೂ ಒಡ್ಡಿದರು. ಎಡ ಕಿಂಡಿಯ ಗಾಳಿಗೆ ಬಲಗೈಯ ರೋಮವೆಲ್ಲ ಎದ್ದು ನಿಂತದ್ದು ನನಗೇ ಕಂಡಿತು. ಕಿವಿ ಹಿಡಿದು ಬಸ್ಕಿ ಹೊಡೆಯಲು ನಿಲ್ಲಿಸಿದ ಮಕ್ಕಳ ಹಾಗೆ ಕೈ ಅಡ್ಡ ಹಾಕಿಕೊಂಡು ಕೂತೇ ಇದ್ದರು. ಕೇಕಿನಾಕೆ ಏನೂ ತಿಳಿಯದೆ ನನ್ನ ಮುಖ ನೋಡಿದರು.

ಆಕೆ ಕಾರು ತೆಗೆದುಕೊಂಡು ಹೋದ ಮೇಲೆ ಡಾಕ್ಟ್ರು ಟಾರ್ಪಾಲಿನ ಈಚೆ ಬಂದು, ನನ್ನ ಸ್ಪಂಜಿನ ಮೂಟೆಯ ಮೇಲೆ ಕುಸಿದರು.

"ಚಳಿಗಾಲದಿಂದ ಹೀಗೇ ಇದೆ. ಬೆರಳು ಜುಮುಜುಮು ಅನ್ನುತ್ತೆ, ಆಮೇಲೆ ಇದೆಯೋ ಇಲ್ಲವೋ ಗೊತ್ತಾಗಲ್ಲ. ಸ್ಪ್ಯಾನರ್ ಬೀಳುತ್ತೆ, ಬಿದ್ದ ಸದ್ದು ಕೇಳಿದ ಮೇಲೇ ತಿಳಿಯೋದು. ಮಗ್ಗುಲಾಗಿ ಮಲಗಿದ್ದಕ್ಕೆ ಅಂದ್ಕೊಂಡೆ."

"ಆಸ್ಪತ್ರೆಗೆ ತೋರಿಸಬಾರದಿತ್ತಾ?"

"ಏನಂತ ತೋರಿಸಲಿ? ನಾಡಿ ಡಾಕ್ಟ್ರ ಕೈ ಸತ್ತಿದೆ ಅಂತಲಾ?" ಎಂದು ತಲೆ ತಗ್ಗಿಸಿದರು. ಆಮೇಲೆ ತುಂಬ ಸಣ್ಣ ದನಿಯಲ್ಲಿ ಹೇಳಿದರು. "ಬೆಳಿಗ್ಗೆ ಬೀದಿ ದಾಟುವಾಗಲೇ ನನಗೆ ಅನುಮಾನ ಇತ್ತು ಟೈಲರಕ್ಕ. ತಪ್ಪು ಮೋಟಾರಿಂದೇ ಆಗಿರಲಿ ಅಂತ ಜೋರಾಗಿ ಕೂಗಿದೆ."

ನಾನು ಸಮಾಧಾನ ಹೇಳಲಿಲ್ಲ. ಹೇಳುವ ಮನಸ್ಸೂ ಇರಲಿಲ್ಲ. ಇದು ಶನಿವಾರದ ಮಾತು. ಮರುದಿನ ಅಕ್ಕ ತಮ್ಮನಿಗೆ ಎಲೆ ಹಾಕಬೇಕು, ಅವನು ಬರುವಂತಿಲ್ಲ.

"ಮನೆಗೆ ಕರೆದು ಹೇಳ್ತೀನಿ" ಎಂದರು.

"ಬೈದಿದ್ದು ಮನೇಲಾ?" ಎಂದೆ.

ಸಂಜೆ ಗ್ಯಾರೇಜಿನವರು ಮರುದಿನದ ಸಾಮಾನಿಗೆ ಬರುವ ಹೊತ್ತು, ಅಂಗಡಿಯ ಮುಂದೆ ನಿಲ್ಲಲು ಜಾಗವಿರುವುದಿಲ್ಲ. ಅದೇ ಹೊತ್ತು ನೋಡಿ ಡಾಕ್ಟ್ರು ಎದ್ದರು. ಬೀದಿ ದಾಟಲು ಇಷ್ಟು ಹೊತ್ತು ಹಿಡಿದದ್ದನ್ನು ನಾನು ಕಂಡಿಲ್ಲ, ಎರಡು ಸಲ ಅರ್ಧಕ್ಕೆ ಹೋಗಿ ಹಿಂದೆ ಬಂದರು. ನನಗೆ ಅಲ್ಲೇನೂ ಕೆಲಸವಿರಲಿಲ್ಲ, ಆದರೂ ಹಿಂದೆಯೇ ಹೋದೆ.

ಅವರನ್ನು ಕಂಡು ಜನ ಮಾತು ನಿಲ್ಲಿಸಿದರು. ಮತ್ತೆ ಜಗಳವೆಂದುಕೊಂಡಿರಬೇಕು. ಡಾಕ್ಟ್ರು ಎಡಗೈಯನ್ನು ಗಾಜಿನ ಮೇಲೆ ಇಟ್ಟರು, ಬೆಳಿಗ್ಗೆ ಮೋಟಾರು ಕುಕ್ಕಿದ ಜಾಗದಲ್ಲಿ.

"ನಿನ್ನ ಮಾಲು ಸರಿಯಾಗೇ ಇತ್ತು" ಎಂದರು. ಕೆಮ್ಮಿ, ಎಲ್ಲರಿಗೂ ಕೇಳುವಂತೆ ಮತ್ತೆ ಹೇಳಿದರು. "ಎರಡು ಮೋಟಾರೂ ಸರಿ ಇದ್ದವು. ಕೆಟ್ಟಿರೋದು ನನ್ನ ಕೈ. ಬಿಸಿ ತಣ್ಣಗೆ ಒಂದೂ ತಿಳಿಯಲ್ಲ ಇದಕ್ಕೆ."

"ಗೊತ್ತು ಭಾವ" ಎಂದ ಭಾಮೈದ.

"ಏನು ಗೊತ್ತು?"

"ಅಕ್ಕ ಯಾವತ್ತೋ ಹೇಳಿದ್ದಳು. ಬಿಸಿ ಪಾತ್ರೆ ಬರಿಗೈಲಿ ಎತ್ತಿ ಸುಮ್ಮನೆ ನಿಂತಿದ್ರಂತೆ. ಶರ್ಟಿನ ಗುಂಡಿ ಅವಳೇ ಹಾಕ್ತಾಳಂತೆ. ನೀವಾಗೇ ಹೇಳೋ ತನಕ ಕೇಳಬೇಡ ಅಂದಿದ್ದಳು."

"ಮತ್ತೆ ಬೆಳಿಗ್ಗೆ ಅಷ್ಟು ಬೈದಾಗ ಯಾಕೋ ಬಾಯಿ ಬಿಡಲಿಲ್ಲ? ನಿನ್ನ ಕೈ ಸರಿಯಿಲ್ಲ ಅನ್ನಬಾರದಿತ್ತಾ?"

ಭಾಮೈದ ಎದುರಿಗಿದ್ದ ಗಿರಾಕಿಗೆ ಚಿಲ್ಲರೆ ಕೊಟ್ಟು, ಡ್ರಾಯರ್ ಮುಚ್ಚಿದ.

"ಅಂಗಡಿ ತುಂಬ ಜನ ಇದ್ರಲ್ಲ ಭಾವ."

ಡಾಕ್ಟ್ರಿಗೆ ನೆಲ ಬಿಟ್ಟು ಬೇರೆಲ್ಲೂ ನೋಡಲಾಗಲಿಲ್ಲ. ಕೇಕಿನಾಕೆಯ ಎದುರಿಗೇ ಕೈ ಬದಲಾಯಿಸಿ ಎಂದದ್ದು ನೆನಪಾಗಿ, ನಾನೂ ಬಾಗಿಲ ಬಳಿಯೇ ನಿಂತುಬಿಟ್ಟೆ. ಡಾಕ್ಟ್ರು ಹೊರಡುತ್ತಾರೆಂದುಕೊಂಡೆ. ಹೊರಡಲಿಲ್ಲ. ಬಲಗೈಯಿಂದ ಕಣ್ಣೊರೆಸಿಕೊಂಡು ಗಾಜಿನ ಕಪಾಟಿನ ಕಡೆ ತೋರಿಸಿದರು.

"ಆ ಥರ್ಮಾಮೀಟರ್ ಇನ್ನೂ ಇದೆಯಾ?"

ಭಾಮೈದ ತೆಗೆದ. ಪೊಟ್ಟಣದ ಮೇಲಿನ ಧೂಳು ಒರೆಸಿ, ಅದನ್ನು ಭಾವನ ಎಡ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿ, ಬೀಳದಂತೆ ತನ್ನ ಕೈಯಿಂದ ಹಿಡಿದುಕೊಂಡ. ಡಾಕ್ಟ್ರು ಆ ಕೈಯನ್ನೇ ನೋಡುತ್ತಿದ್ದರು. ನೋಡದಿದ್ದರೆ ಅವನು ಹಿಡಿದದ್ದು ಅವರಿಗೆ ತಿಳಿಯುತ್ತಿರಲಿಲ್ಲ.

"ನಾಳೆ ಊಟಕ್ಕೆ ಬರ್ತೀಯೇನೋ?" ಎಂದರು, ಎಲ್ಲರ ಎದುರಿಗೆ.