ಮೈಲಿಗೆ ಗಂಟಿನಲ್ಲಿ ಬಂದ ಸೊಪ್ಪು

ಮೈಲಿಗೆ ಬಟ್ಟೆಯನ್ನು ಯಾರೂ ನಮ್ಮ ಕೈಗೆ ಕೊಡುತ್ತಿರಲಿಲ್ಲ. ನೆಲದ ಮೇಲೆ ಇಡುತ್ತಿದ್ದರು, ನಾವು ಎತ್ತಿಕೊಳ್ಳುತ್ತಿದ್ದೆವು. ಮುಟ್ಟಾದವರ ಸೀರೆ, ಹೆರಿಗೆ ಬಟ್ಟೆ, ಸತ್ತವರು ಮಲಗಿದ್ದ ದುಪ್ಪಟಿ, ಎಲ್ಲಾ ದನದ ಕೊಟ್ಟಿಗೆಯ ಗೋಡೆ ಪಕ್ಕ ಬಿದ್ದಿರುತ್ತಿದ್ದವು. ಗಂಟು ಕಟ್ಟಿ ತಲೆ ಮೇಲೆ ಇಟ್ಟುಕೊಂಡರೆ ಎದುರಿಗೆ ಬಂದವರು ದಾರಿ ಬಿಟ್ಟು ಹೊಲದ ಬದಕ್ಕೆ ಇಳಿಯುತ್ತಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಅದು ಚೆನ್ನಾಗಿಯೇ ಇತ್ತು. ದಾರಿಯೆಲ್ಲಾ ನನ್ನದೇ. ದಾರಿಯೆಲ್ಲಾ ನನ್ನದಾದರೆ ಮಾತಾಡಲು ಅಲ್ಲಿ ಇನ್ನೊಬ್ಬರು ಇರುವುದಿಲ್ಲ ಅನ್ನುವುದು ಗೊತ್ತಾಗಲು ವಯಸ್ಸಾಗಬೇಕಾಯಿತು.

ನಾವು ಮಡಿವಾಳರು. ನಂಜನಗೂಡಿನಿಂದ ಸ್ವಲ್ಪ ದೂರ, ಕಪಿಲೆಯ ದಡದ ಒಂದು ಹಳ್ಳಿಯಲ್ಲಿ ಊರಿನ ಬಟ್ಟೆ ಒಗೆದುಕೊಂಡು ಇದ್ದೆವು. ನಂಜನಗೂಡಿನಲ್ಲಿ ಕಾರ್ಖಾನೆಗಳು ಹೆಚ್ಚಾದ ಮೇಲೆ ಮನೆಮನೆಗೂ ಸೋಪಿನ ಪುಡಿ ಬಂತು. ಕಾರ್ಖಾನೆಗೆ ಹೋಗುವವರು ತಮ್ಮ ಪ್ಯಾಂಟು ಷರಟನ್ನು ತಾವೇ ಒಗೆದುಕೊಂಡರು. ಒಳ್ಳೆ ಬಟ್ಟೆಗಳು ನಮ್ಮ ಮನೆಗೆ ಬರುವುದು ನಿಂತಿತು. ಮೈಲಿಗೆ ಬಟ್ಟೆಗಳು ನಿಲ್ಲಲಿಲ್ಲ. ಅವಕ್ಕೆ ಪುಡಿ ಸಾಲದು, ಮಡಿವಾಳರ ಕೈಯೇ ಬೇಕು.

ಆ ಕಾಲದಲ್ಲೇ ನನ್ನ ಗಂಡನಿಗೆ ದವಡೆಯಲ್ಲಿ ಹುಣ್ಣಾಯಿತು. ಹೊಗೆಸೊಪ್ಪು ಹಾಕಿದ ಎಲೆಅಡಿಕೆ ಬಾಯಲ್ಲಿ ಇಟ್ಟುಕೊಂಡೇ ಮಲಗುವ ಮನುಷ್ಯ. ಮೈಸೂರಿನ ಆಸ್ಪತ್ರೆಯಲ್ಲಿ ಬಾಯಿ ತೆಗೆಸಿ ಬ್ಯಾಟರಿ ಬಿಟ್ಟು ನೋಡಿದರು, ಇಷ್ಟು ದಿನ ಏನು ಮಾಡುತ್ತಿದ್ದೆ ಅಂತ ನನ್ನನ್ನು ಬೈದರು, ಮಾತ್ರೆ ಕೊಟ್ಟು ಕಳಿಸಿದರು. ಆ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ನಮಗೆ ಮಕ್ಕಳಿಲ್ಲ. ಅವನು ನರಳುವುದು, ನಾನು ಕೇಳುವುದು, ಮನೆಯಲ್ಲಿ ಇನ್ನೇನೂ ಇರಲಿಲ್ಲ.

ಅವನು ಭಜನೆಯವನು. ಸೋಮವಾರ ಭಜನೆ ಮನೆಯಲ್ಲಿ ತಾಳ ಹಿಡಿಯುತ್ತಿದ್ದ. ಅಲ್ಲಿ ಮುದುಕರೆಲ್ಲಾ ಚಿಲುಮೆ ಸೇದುತ್ತಿದ್ದರು, ಇವನೂ ಸೇದುತ್ತಿದ್ದ. ಅದನ್ನು ಗಾಂಜಾ ಅಂತ ಯಾರೂ ಕರೆಯುತ್ತಿರಲಿಲ್ಲ. ಭಂಗಿ ಸೊಪ್ಪು, ಶಿವನ ಸೊಪ್ಪು. ಕಣ್ಣಿಗೆ ಒತ್ತಿಕೊಳ್ಳದೆ ಇವನು ಒಂದು ದಮ್ಮೂ ಎಳೆದವನಲ್ಲ. ಹುಣ್ಣು ನಾರಲು ಶುರುವಾದ ಮೇಲೆ ಭಜನೆಯವರು ಬಂದು ನೋಡುವುದನ್ನು ಬಿಟ್ಟರು. ಒಬ್ಬ ಮಾತ್ರ ಬಾಗಿಲಲ್ಲೇ ನಿಂತು ಒಂದು ಚಿಟಿಕೆ ಸೊಪ್ಪು ಕೊಟ್ಟು, ಸೇದಲು ಆಗದಿದ್ದರೆ ಹಾಲಿನಲ್ಲಿ ಕೊಡು ಅಂದ. ಕೊಟ್ಟೆ. ಹೊಸಲಲ್ಲಿದ್ದ ಬಿಸಿಲು ಹಿತ್ತಲ ಗೋಡೆ ಹತ್ತುವವರೆಗೂ ನನ್ನ ಗಂಡ ನಿದ್ದೆ ಮಾಡಿದ. ಎದ್ದು ಗಂಜಿ ಕೇಳಿದ. ಅವನು ಬಾಯಿಬಿಟ್ಟು ಗಂಜಿ ಕೇಳಿ ಎಷ್ಟೋ ದಿನವಾಗಿತ್ತು.

ಮತ್ತೆ ಕೇಳಲು ಹೋದರೆ ಇಲ್ಲ ಅಂದರು. ಪೋಲೀಸಿನವರು ಹೊಲಗಳಿಗೆ ನುಗ್ಗಿ ಗಿಡ ಕೀಳಿಸುತ್ತಿದ್ದ ಕಾಲ. ಇದ್ದವರೂ ಇಲ್ಲ ಅನ್ನುತ್ತಿದ್ದರು. ಆಗ ನಮ್ಮಣ್ಣನ ನೆನಪಾಯಿತು.

ನನ್ನ ತವರು ನರಸೀಪುರದ ಕಡೆ. ನಮ್ಮಣ್ಣನಿಗೆ ಒಂದಿಷ್ಟು ಹೊಲವಿತ್ತು, ಅರಿಶಿನ ಹಾಕುತ್ತಿದ್ದ. ಅರಿಶಿನದ ನಡುವೆ ಅಲ್ಲೊಂದು ಇಲ್ಲೊಂದು ಭಂಗಿ ಗಿಡ ಬೆಳೆಯುತ್ತಿದ್ದವು. ತಾವಾಗಿಯೇ ಹುಟ್ಟಿದವು ಅನ್ನುತ್ತಿದ್ದ. ತಾವಾಗಿ ಹುಟ್ಟಿದ ಗಿಡಕ್ಕೆ ಯಾರೂ ಕೊಡದಲ್ಲಿ ನೀರು ಹೊತ್ತು ಹಾಕುವುದಿಲ್ಲ ಅಂತ ನನಗೂ ಗೊತ್ತಿತ್ತು.

ಗಂಡನ ಬಾಯಿಗೆ ನೀರು ಬಿಡಲು ಪಕ್ಕದ ಮನೆಯವಳಿಗೆ ಹೇಳಿ ಬಸ್ಸು ಹತ್ತಿದೆ. ನಾನು ಹೋಗುವ ಹೊತ್ತಿಗೆ ಅಣ್ಣ ಗಿಡ ಕೊಯ್ದು ಒಣಗಿಸಿ ಅಟ್ಟದ ಮೇಲೆ ಅರಿಶಿನದ ಗರಿ ಮುಚ್ಚಿ ಇಟ್ಟಿದ್ದ. ಕೊಡುವುದಕ್ಕೆ ಅವನಿಗೆ ಬೇಜಾರಿರಲಿಲ್ಲ. ನಾನು ಅದನ್ನು ಮನೆಗೆ ಹೊತ್ತುಕೊಂಡು ಹೋಗುವುದೇ ಅವನಿಗೆ ಭಯ. ಪಕ್ಕದ ಊರಿನಲ್ಲಿ ಒಬ್ಬನನ್ನು ಜೀಪಿನಲ್ಲಿ ಹಾಕಿಕೊಂಡು ಹೋಗಿದ್ದರಂತೆ, ಅವನು ಇನ್ನೂ ಬಂದಿಲ್ಲವಂತೆ. ಅರಿಶಿನದ ಮೂಟೆಯಲ್ಲಿ ಹಾಕೋಣ ಅಂದ. ಮೂಟೆ ಕಂಡರೆ ತಿವಿದು ನೋಡುತ್ತಾರೆ ಅಂತ ಅವನೇ ಬೇಡ ಅಂದ. ಹುಲ್ಲಿನ ಹೊರೆಯಲ್ಲಿ ಅಂದ. ನರಸೀಪುರದಿಂದ ನಂಜನಗೂಡಿಗೆ ಬಸ್ಸಿನಲ್ಲಿ ಹುಲ್ಲು ಹೊರುವವಳು ಯಾರು ಅಂತ ನಾನೇ ನಕ್ಕೆ.

ಆವತ್ತು ಊರಿನ ದೊಡ್ಡ ಮನೆಯಲ್ಲಿ ಹೆರಿಗೆಯಾಗಿತ್ತು. ಅತ್ತಿಗೆ ಎತ್ತಿಕೊಂಡು ಬಂದ ಆ ಬಟ್ಟೆಯೆಲ್ಲಾ ಅಣ್ಣನ ಮನೆಯ ಹಿಂದೆ ಗೋಡೆ ಪಕ್ಕ ಬಿದ್ದಿತ್ತು. ಹೆರಿಗೆ ಬಟ್ಟೆ ಮಡಿವಾಳರಿಗೇ ಸೇರಬೇಕಾದ್ದು, ವಾಪಸು ಕೇಳುವವರಿಲ್ಲ. ನಾನು ಅದನ್ನು ನೋಡಿದೆ, ಅತ್ತಿಗೆಯನ್ನು ನೋಡಿದೆ. ಅತ್ತಿಗೆ ಎಲೆಅಡಿಕೆ ಉಗಿದು, "ಅದ್ಯಾವ ಗಂಡ್ಸು ಮುಟ್ಟಾನು ಅದ್ನ, ಕಟ್ಕೊ" ಅಂದಳು.

ಗಂಟು ಕಟ್ಟುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸೊಪ್ಪು ಒಳಗೆ, ಹೆರಿಗೆ ಸೀರೆ ಸುತ್ತ. ನೆತ್ತರಿನ ವಾಸನೆಯ ಮುಂದೆ ಇನ್ಯಾವ ವಾಸನೆಯೂ ಇಲ್ಲ.

ಸೋಮವಾರ ಬೆಳಿಗ್ಗೆ ಹೊರಟೆ. ಅದನ್ನು ಯೋಚನೆ ಮಾಡಬೇಕಿತ್ತು, ಮಾಡಲಿಲ್ಲ. ಸೋಮವಾರ ನಂಜುಂಡೇಶ್ವರನ ವಾರ. ಬಸ್ಸಿನ ತುಂಬಾ ದೇವಸ್ಥಾನಕ್ಕೆ ಹೊರಟವರು. ಸ್ನಾನ ಮಾಡಿ ವಿಭೂತಿ ಬಳಿದುಕೊಂಡು, ಹೂವು ಹಣ್ಣು ಕೈಯಲ್ಲಿ ಹಿಡಿದವರು. ಕಂಡಕ್ಟರ್ ಗಂಟು ಏನು ಅಂತ ಕೇಳಿದ. ಹೇಳಿದೆ. ಹಿಂದಿನ ಕೊನೆಯ ಸೀಟು ತೋರಿಸಿ, ಗಂಟನ್ನು ಕಾಲ ಕೆಳಗೆ ಇಟ್ಟುಕೋ, ಯಾರಿಗೂ ತಗುಲಿಸಬೇಡ ಅಂದ. ಕಾಲಿಡಲು ಜಾಗವಿಲ್ಲದ ಬಸ್ಸು. ಆದರೂ ನನ್ನ ಪಕ್ಕದ ಸೀಟು ಖಾಲಿ. ಬಸುರಿ ಹೆಂಗಸೊಬ್ಬಳು ಕಂಬಿ ಹಿಡಿದು ನಿಂತಿದ್ದಳು. ಬಾ ಕೂತುಕೋ ಅಂತ ಕೈ ಮಾಡಿದೆ. ಅವಳು ಗಂಡನ ಮುಖ ನೋಡಿದಳು, ಗಂಡ ಬೇಡ ಅಂತ ತಲೆಯಾಡಿಸಿದ. ನಿಂತೇ ಬಂದಳು. ಅವಳ ಬಟ್ಟೆಯನ್ನೂ ಇನ್ನು ಸ್ವಲ್ಪ ದಿನಕ್ಕೆ ನಮ್ಮಂಥವಳೇ ಯಾರಾದರೂ ಎತ್ತಬೇಕು ಅಂದುಕೊಂಡು ನಾನು ಕಿಟಕಿಯ ಕಡೆ ತಿರುಗಿ ಕೂತೆ.

ಅರ್ಧ ದಾರಿಯಲ್ಲಿ ಪೋಲೀಸಿನವರು ಬಸ್ಸು ನಿಲ್ಲಿಸಿದರು. ಯಾವುದಕ್ಕೆ ಅಂತ ನನಗೆ ಗೊತ್ತಿಲ್ಲ, ಯಾರೂ ಕೇಳಲಿಲ್ಲ. ಒಬ್ಬ ಹತ್ತಿ, ಮೂಟೆಗಳನ್ನು ಲಾಠಿಯಲ್ಲಿ ತಿವಿಯುತ್ತಾ ಹಿಂದಕ್ಕೆ ಬಂದ. ಗಂಟನ್ನು ಎರಡು ಕಾಲಿನ ನಡುವೆ ಒತ್ತಿ ಹಿಡಿದೆ. ಜೈಲಿಗೆ ಹೆದರಿದ್ದಲ್ಲ. ನನ್ನನ್ನು ಇಳಿಸಿಕೊಂಡರೆ ಪಕ್ಕದ ಮನೆಯವಳು ಎಷ್ಟು ದಿನ ಅಂತ ಮೂಗು ಮುಚ್ಚಿಕೊಂಡು ಅವನ ಬಾಯಿಗೆ ನೀರು ಬಿಟ್ಟಾಳು? ನನ್ನ ಯೋಚನೆ ಅಷ್ಟೇ.

"ಏನವ್ವ ಅದು ಗಂಟು?"

"ಬಾಣಂತಿ ಬಟ್ಟೆ ಸಾ. ಬಿಚ್ಚಲಾ?"

ಅವನು ಲಾಠಿ ಎತ್ತಿದವನು ಹಾಗೇ ನಿಂತ. ನಾನು ಬಗ್ಗಿ ಗಂಟಿಗೆ ಕೈ ಹಾಕಿದೆ. ಅಷ್ಟರಲ್ಲಿ ಮುಂದಿನಿಂದ ಒಬ್ಬ ಮುದುಕ ಎದ್ದು ನಿಂತ.

"ಬಿಚ್ಚುಸ್ಬ್ಯಾಡಿ ಸಾ, ನಾವೆಲ್ಲಾ ಮಡೀಲಿ ದ್ಯಾವಸ್ಥಾನಕ್ಕೆ ಓಯ್ತಾ ಇವಿ. ಎಲ್ಲಾರ್ಗೂ ಮೈಲ್ಗೆ ಮಾಡ್ಬುಟ್ಟಾಳು ಈ ಯಮ್ಮ."

ಬಸ್ಸಿನವರೆಲ್ಲಾ ಹೂಂ ಹೂಂ ಅಂದರು. ಪೋಲೀಸಿನವನು ಲಾಠಿಯ ತುದಿಯನ್ನು ತನ್ನ ಬೂಟಿಗೆ ಒರೆಸಿಕೊಂಡು ಇಳಿದು ಹೋದ. ಬಸ್ಸಿಗೆ ಬಸ್ಸೇ ನನ್ನನ್ನು ಕಾಪಾಡಿತು. ಒಬ್ಬರೂ ನನ್ನ ಮುಖ ನೋಡಲಿಲ್ಲ.

ಬಸ್ಸು ಇಳಿದು ಊರಿಗೆ ನಡೆದೆ. ಎದುರಿಗೆ ಬಂದವರು ಬದಕ್ಕೆ ಇಳಿದರು. ಮನೆಯಲ್ಲಿ ಅವನು ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದ. ಮಲಗಿದರೆ ನೋವು ಕಿವಿಗೆ ಹತ್ತುತ್ತಿತ್ತು. ಹಿತ್ತಲಿಗೆ ಹೋಗಿ ಗಂಟು ಬಿಚ್ಚಿ, ಬಟ್ಟೆ ನೆನೆಹಾಕಿ, ಕೈ ತೊಳೆದು, ಹಾಲು ಕಾಯಿಸಿ ತಂದೆ. ಅವನಿಗೆ ವಾಸನೆಯಲ್ಲೇ ಗೊತ್ತಾಯಿತು. ಎರಡು ಕೈಯಲ್ಲೂ ಲೋಟ ಹಿಡಿದು ಕಣ್ಣಿಗೆ ಒತ್ತಿಕೊಳ್ಳಲು ಎತ್ತಿದವನು ನಿಲ್ಲಿಸಿ ಕೇಳಿದ.

"ಎಂಗ್ ತಂದಮ್ಮಿ, ಪೋಲೀಸ್ನೋರ್ ಇರ್ನಿಲ್ವಾ?"

"ಇದ್ರು. ಬಾಣಂತಿ ಬಟ್ಟೆ ವಳಗೆ ಇಟ್ಕಂಡ್ ತಂದಿ."

ಲೋಟ ಕೆಳಗಿಟ್ಟ.

"ಶಿವನ ಸೊಪ್ಪು ಕಣಮ್ಮಿ ಅದು."

ಇನ್ನೇನಾದರೂ ಹೇಳಬಹುದಿತ್ತು ಅಂತ ಆಮೇಲೆ ನಮ್ಮ ಅತ್ತಿಗೆ ಅಂದಳು. ನನಗೆ ಹೊಳೆಯಲೇ ಇಲ್ಲ. ಕೇಳಿದ, ಹೇಳಿದೆ. ಇಡೀ ಊರಿನ ಮೈಲಿಗೆ ಒಗೆದು ಉಂಡವನು ನೀನು ಅಂದೆ. ಉಂಡಿದ್ದು ಅನ್ನ, ಇದು ಅವನ ಪ್ರಸಾದ ಅಂದ. ನೋವಿಗೆ ತೆರೆಯಲಾಗದ ಬಾಯಿ ಈಗ ಹಟಕ್ಕೂ ಮುಚ್ಚಿಕೊಂಡಿತು. ಆ ಹಾಲನ್ನು ಹಿತ್ತಲಿಗೆ ಚೆಲ್ಲಿದೆ.

ಎರಡು ಮೂರು ದಿನ ಹಾಗೇ ಹೋಯಿತು. ಸೊಪ್ಪು ಸೂರಿನಲ್ಲಿ, ನೋವು ಚಾಪೆಯಲ್ಲಿ. ನಾನು ಕೇಳುವುದನ್ನು ಬಿಟ್ಟೆ. ಒಂದು ದಿನ ಹಿತ್ತಲಲ್ಲಿ ಉಬ್ಬೆಗೆ ಒಲೆ ಹೂಡುತ್ತಿದ್ದೆ. ಒಗೆಯುವ ಮೊದಲು ಬಟ್ಟೆಯನ್ನು ದೊಡ್ಡ ಗುಡಾಣದ ಮೇಲೆ ಪೇರಿಸಿ ಹಬೆಯಲ್ಲಿ ಬೇಯಿಸುವುದಕ್ಕೆ ಉಬ್ಬೆ ಅನ್ನುತ್ತೇವೆ. ಉಬ್ಬೆಗೆ ಕುಂಕುಮ ಇಟ್ಟು ಗಂಧದಕಡ್ಡಿ ಹಚ್ಚಿಯೇ ಬೆಂಕಿ ಹಾಕುವುದು. ಎಂಥಾ ಮೈಲಿಗೆಯಾದರೂ ಉಬ್ಬೆಯಲ್ಲಿ ಬೆಂದರೆ ಮಡಿ. ಅದು ನಮ್ಮ ಹಿರಿಯರ ಮಾತು, ಊರೂ ಒಪ್ಪಿದ ಮಾತು.

ಒಳಗಿನಿಂದ ಅವನು, "ಅದ್ನೂವೆ ಉಬ್ಬೆಗಾಕು" ಅಂದ.

ಯಾವುದನ್ನು ಅಂತ ನಾನು ಕೇಳಲಿಲ್ಲ. ಬಾಗಿಲಿಗೆ ಬಂದು, ಬಟ್ಟೆ ಕೊಳೆ ಬಿಟ್ಟು ತಾನು ಉಳಿದುಕೊಳ್ಳುತ್ತದೆ, ಸೊಪ್ಪು ಬೆಂದರೆ ತಾನೇ ಹೋಗುತ್ತದೆ ಅಂದೆ.

"ಪೂಜಾರ್ರ ಪಂಚೆನೂ ಅಲ್ಲೇ ಬೆಂದಿದ್ದು. ಆಕು ಅಂದೆ ಕಣಮ್ಮಿ."

ಹಾಕಿದೆ. ಬಟ್ಟೆಯ ಕೊಳೆಗೆ ಹಾಕುವ ಚೌಳುಮಣ್ಣು ತಗುಲದ ಹಾಗೆ ಪಕ್ಕದಲ್ಲಿ ಒಂದು ಹೊಸ ಮಡಕೆಯಿಟ್ಟು, ಸೊಪ್ಪನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ದೊಡ್ಡ ಉಬ್ಬೆಗೆ ಮಾಡಿದ ಹಾಗೆಯೇ ಕುಂಕುಮ ಇಟ್ಟು ಬೇಯಿಸಿದೆ. ಅವನು ತೆವಳಿಕೊಂಡು ಬಂದು ಹಿತ್ತಲ ಬಾಗಿಲಲ್ಲಿ ಕೂತು, ಹಬೆ ಬರುವವರೆಗೂ ನೋಡಿದ. ನಾವಿಬ್ಬರೂ ಒಟ್ಟಿಗೆ ಉಬ್ಬೆ ಮುಂದೆ ಕೂತದ್ದು ಅದೇ ಕೊನೆ. ಮಡಕೆಯ ನೀರು ಹಸಿರಾಗಿ ಕಪ್ಪಾಯಿತು. ಬಿಚ್ಚಿ ನೋಡಿದರೆ ಟೀ ಸೋಸಿದ ಚರಟದ ಹಾಗಿತ್ತು. ಮೂಸಿದೆ, ಒದ್ದೆ ಹುಲ್ಲಿನ ವಾಸನೆ.

ಒಣಗಿಸಿ ಹಾಲಿನಲ್ಲಿ ಕೊಟ್ಟೆ. ಕಣ್ಣಿಗೆ ಒತ್ತಿಕೊಂಡು ಕುಡಿದ. ಕುಡಿದು ಗೋಡೆಗೆ ಒರಗಿ ಕಣ್ಣು ಮುಚ್ಚಿದ. ನಾನು ಅಂಗಳದಲ್ಲಿ ಬಟ್ಟೆ ಮಡಿಸುತ್ತಾ ಕೂತೆ. ನಿದ್ದೆ ಹತ್ತಿದರೆ ಅವನ ಕಾಲ್ಬೆರಳು ಸಡಿಲವಾಗುತ್ತವೆ, ಒಂದರ ಮೇಲೊಂದು ಬೀಳುತ್ತವೆ. ಅಷ್ಟು ವರ್ಷ ಪಕ್ಕದಲ್ಲಿ ಮಲಗಿದವಳಿಗೆ ಗೊತ್ತಿರುತ್ತದೆ. ಆವತ್ತು ಬೆರಳುಗಳು ಚಾಪೆಯ ಅಂಚನ್ನು ಬಿಗಿಯಾಗಿ ಹಿಡಿದೇ ಇದ್ದವು. ಬಿಸಿಲು ಹಿತ್ತಲ ಗೋಡೆ ಹತ್ತುವವರೆಗೂ ಅವನು ಕಣ್ಣು ಬಿಡಲಿಲ್ಲ, ಬೆರಳೂ ಬಿಡಲಿಲ್ಲ.

ಆಮೇಲೆ ಕಣ್ಣು ಬಿಟ್ಟು ಅಂದ, "ಚೆಂದಾಗ್ ನಿದ್ದೆ ಬತ್ತು. ಇಷ್ಟೇ ಸಾಕು. ಇನ್ನ ನಿಮ್ಮಣ್ಣನ್ ತಾವ್ಕೆ ಓಗ್ಬ್ಯಾಡ."

ಹೂಂ ಅಂದೆ. ಮೈಲಿಗೆಗೆ ಹೆದರಿದನೋ, ನನ್ನನ್ನು ಜೀಪಿನಲ್ಲಿ ಹಾಕಿಕೊಂಡು ಹೋಗುತ್ತಾರೆ ಅಂತ ಹೆದರಿದನೋ, ಕೇಳಲಿಲ್ಲ. ಮಾತಾಡಿದರೆ ಅವನ ಬಾಯಿಂದ ನೆತ್ತರು ಬರುತ್ತಿತ್ತು. ಆ ಚರಟ ಮುಗಿಯುವವರೆಗೂ ದಿನಾ ಹಾಲಿನಲ್ಲಿ ಕೊಟ್ಟೆ, ದಿನಾ ಕುಡಿದ, ದಿನಾ ನಿದ್ದೆ ಬಂತು ಅಂದ. ನಾನು ದಿನಾ ಕಾಲ್ಬೆರಳು ನೋಡಿದೆ.

ಶಿವರಾತ್ರಿಗೆ ಮುಂಚೆ ಹೋದ. ಮಣ್ಣಿಗೆ ಭಜನೆಯವರು ಬಂದರು, ದೂರ ನಿಂತು ತಾಳ ಹಾಕಿದರು.

ಮಡಿವಾಳರ ಮನೆಯಲ್ಲಿ ಸಾವಾದರೆ ಆ ಬಟ್ಟೆಯನ್ನು ಮನೆಯವರು ಎತ್ತುವಂತಿಲ್ಲ. ಬೇರೆ ಊರಿನ ಮಡಿವಾಳರು ಬಂದು ಎತ್ತಬೇಕು. ಅವನು ಮಲಗಿದ್ದ ದುಪ್ಪಟಿ, ಪಂಚೆ, ಬಾಯಿ ಒರೆಸುತ್ತಿದ್ದ ನನ್ನ ಹಳೆ ಸೀರೆಯ ತುಂಡುಗಳು, ಎಲ್ಲಾ ಗೋಡೆ ಪಕ್ಕ ನೆಲದ ಮೇಲೆ ಬಿದ್ದಿದ್ದವು. ಊರಿನವರದ್ದನ್ನೆಲ್ಲಾ ಎತ್ತಿದವಳು ನಾನು, ಅವನದ್ದನ್ನು ಮುಟ್ಟದೆ ಎದುರಿಗೆ ಕೂತಿದ್ದೆ. ಗಾಳಿಗೆ ಒಂದು ತುಂಡು ಹಾರಿ ನನ್ನ ಕಾಲ ಹತ್ತಿರ ಬಂತು. ಕಾಲು ಹಿಂದಕ್ಕೆ ಎಳೆದುಕೊಂಡೆ.

ನಮ್ಮಣ್ಣ ಅತ್ತಿಗೆ ನರಸೀಪುರದಿಂದ ಬಂದರು. ಅತ್ತಿಗೆ ಅದನ್ನೆಲ್ಲಾ ಗಂಟು ಕಟ್ಟಿದಳು. ಸೂರಿನಲ್ಲಿ ಸಿಕ್ಕಿಸಿದ್ದ ಸೊಪ್ಪಿನ ಖಾಲಿ ಚೀಲವನ್ನೂ ತೆಗೆದು ಒಳಗೆ ಹಾಕು ಅಂದೆ, ಹಾಕಿದಳು. ನಾನು ಊರ ಬಾಗಿಲವರೆಗೂ ಹೋಗಲಿಲ್ಲ, ಹೊಸಲಲ್ಲೇ ನಿಂತು ನೋಡಿದೆ. ಗಂಟು ಹೊತ್ತು ಹೋಗುವಾಗ ಎದುರಿಗೆ ಬಂದವರು ದಾರಿ ಬಿಟ್ಟು ಬದಕ್ಕೆ ಇಳಿದರು.

ಆಮೇಲೆ ಅತ್ತಿಗೆ ಹೇಳಿದಳು, ಬಸ್ಸು ತುಂಬಿ ತುಳುಕುತ್ತಿತ್ತಂತೆ. ಗಂಟಿನ ಪಕ್ಕದ ಸೀಟು ಮಾತ್ರ ನರಸೀಪುರದವರೆಗೂ ಖಾಲಿ ಇತ್ತಂತೆ.