ಉಗ್ರಾಣದಲ್ಲಿ ಕಾರ್ನೇಷನ್

ಹೂವು ಕಂಡ ಕೂಡಲೇ ಅದರ ತಲೆಗೆ ನೀರು ಚಿಮುಕಿಸುವುದು ನನ್ನ ಹುಟ್ಟುಗುಣ. ನಮ್ಮ ಕಡೆ ಹೂವೆಂದರೆ ಮಲ್ಲಿಗೆ. ಬಾಳೆಲೆಯಲ್ಲಿ ಸುತ್ತಿ ನಾಲ್ಕು ಹನಿ ನೀರು ತೋರಿಸಿದರೆ ಅದರ ಆರೈಕೆ ಮುಗಿಯಿತು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ವೇಣೂರಿನ ಅಕ್ಕನ ಮನೆಗೆ ಕಾರ್ನೇಷನ್ ಎಂಬ ಪರದೇಶದ ಹೂವು ಬಂದಾಗ ಮಾತ್ರ ನಾನು ಹೊಸ ವಿದ್ಯೆ ಕಲಿಯಬೇಕಾಯಿತು.

ಅಕ್ಕನ ಮಗಳು ಸುಜಯಳ ಮದುವೆ. ನಾನು ಅವಳ ತಮ್ಮಲೆ, ಎಂದರೆ ಸೋದರಮಾವ; ಮದುಮಗಳನ್ನು ಕೈಹಿಡಿದು ಮಂಟಪಕ್ಕೆ ಕರೆದೊಯ್ಯಬೇಕಾದವನು. ಏನು ಬೇಕು ಮಗಳೇ ಎಂದದ್ದಕ್ಕೆ ಅವಳು ಚಿನ್ನ ಕೇಳಲಿಲ್ಲ, ಸೀರೆ ಕೇಳಲಿಲ್ಲ; ಮಂಟಪಕ್ಕೆ ಗುಲಾಬಿ ಬಣ್ಣದ ಕಾರ್ನೇಷನ್ ಕೇಳಿದಳು. ಅದಕ್ಕೇನಂತೆ ಎಂದು ಜಂಬದಿಂದ ಒಪ್ಪಿದೆ.

ಮೂಡುಬಿದಿರೆಯ ಹೂವಿನಂಗಡಿಯ ಖಾದರ್ ಬ್ಯಾರಿ ಬೆಂಗಳೂರಿನಿಂದ ಎರಡು ದಿನ ಮೊದಲೇ ಪೆಟ್ಟಿಗೆ ತರಿಸಿಕೊಟ್ಟರು. ಜೊತೆಗೆ ಪಾಠವೂ ಆಯಿತು: "ಮಾಸ್ಟ್ರೇ, ನೀರು ಬುಡಕ್ಕೆ ಮಾತ್ರ. ತಲೆಗೆ ಹಾಕಿದ್ರೆ ಕೊಳೀತದೆ. ದಂಟು ಓರೆಯಾಗಿ ಕತ್ತರಿಸಿ, ಗಂಟಿನ ಮೇಲೆ ಬೇಡ, ಎರಡು ಗಂಟಿನ ನಡುವೆ. ತಂಪು ಜಾಗ ಉಂಟಲ್ಲ, ಅಲ್ಲಿಡಿ."

ಪುಂಜಾಲಕಟ್ಟೆ ಶಾಲೆಯ ಮಕ್ಕಳಿಗೆ ವರ್ಷಗಟ್ಟಲೆ ವಿಜ್ಞಾನ ಕಲಿಸಿದ ನನಗೆ ಇದೇನು ಮಹಾ! ಬಕೆಟ್ ತಿಕ್ಕಿ ತೊಳೆದೆ, ಕೆಳಗಿನ ಎಲೆ ಕಿತ್ತೆ, ನೀರಿಗೆ ಚಮಚ ಸಕ್ಕರೆ ಹಾಕಿದೆ. ನೀರು ಚಿಮುಕಿಸಲು ಬಂದ ಅಕ್ಕನನ್ನು ಗದರಿ ಕಳಿಸಿದೆ. ಮದುವೆ ಮನೆಯಲ್ಲಿ ತಂಪು ಜಾಗವೆಂದರೆ ಉಗ್ರಾಣ ಒಂದೇ. ಊಟಕ್ಕೆಂದು ಹಣ್ಣಾಗಲು ತೂಗುಹಾಕಿದ್ದ ಕದಳಿ ಗೊನೆಗಳ ಕೆಳಗೆ ಬಕೆಟ್‌ಗಳನ್ನು ಸಾಲಾಗಿ ಇಟ್ಟು ಬಾಗಿಲು ಹಾಕಿದೆ.

ಮದುವೆಯ ಬೆಳಿಗ್ಗೆ ನೋಡಿದರೆ ದಂಟು ನೆಟ್ಟಗಿತ್ತು, ಎಲೆ ಹಸಿರಾಗಿತ್ತು, ಹೂವುಗಳು ಮಾತ್ರ ಒಂದೂ ಬಿಡದಂತೆ ಮುದುಡಿ ಮುಚ್ಚಿಕೊಂಡಿದ್ದವು. ಮಂಟಪ ಕಟ್ಟಲು ಬಂದ ಖಾದರ್ ಬ್ಯಾರಿ ಮೂಗರಳಿಸಿ ಮೇಲೆ ನೋಡಿದರು.

"ಎಂತ ಮಾರಾಯ್ರೇ, ಬಾಳೆಗೊನೆಯ ಅಡಿಯಲ್ಲಿ ಇಟ್ಟದ್ದಾ? ಇನ್ನು ಇದು ಅರಳುದಿಲ್ಲ."

ಹಣ್ಣಾಗುವ ಬಾಳೆ ಎಥಿಲೀನ್ ಎಂಬ ಅನಿಲ ಬಿಡುತ್ತದೆ. ಅದು ತಾಗಿದರೆ ಕಾರ್ನೇಷನ್ ಕಣ್ಣು ಮುಚ್ಚುತ್ತದೆ. ಆ ಅನಿಲದ ಹೆಸರನ್ನು ಪ್ರತಿ ವರ್ಷ ಕರಿಹಲಗೆಯ ಮೇಲೆ ಬರೆದವನು ನಾನೇ. ಆದರೆ ಹೂವು ಹಣ್ಣನ್ನು ಒಂದೇ ಹರಿವಾಣದಲ್ಲಿಟ್ಟು ಬೆಳೆದ ನಾವು, ಅವಕ್ಕೆ ಪರಸ್ಪರ ಆಗಿಬರುವುದಿಲ್ಲವೆಂದು ಹೇಗೆ ಊಹಿಸಬೇಕು?

ಖಾದರ್ ಬ್ಯಾರಿ ಮಾವಿನೆಲೆ, ಅಡಿಕೆಯ ಹಿಂಗಾರ, ಸಿಕ್ಕಿದಷ್ಟು ಮಲ್ಲಿಗೆಯಿಂದ ಮಂಟಪ ಮುಗಿಸಿದರು. ಚೆನ್ನಾಗಿಯೇ ಆಗಿದೆಯೆಂದು ಯಾರೋ ಹೇಳಿದರು. ನಾನು ಹೋಗಿ ನೋಡಲಿಲ್ಲ. ಹುಡುಗಿ ಜೀವಮಾನದಲ್ಲಿ ನನ್ನನ್ನು ಕೇಳಿದ್ದು ಅದೊಂದೇ. ಅವಳಿಗೆ ಮುಖ ತೋರಿಸಲಾಗದೆ ಉಗ್ರಾಣದಲ್ಲಿ ಅಕ್ಕಿ ಮುಡಿಯ ಮೇಲೆ ಕುಳಿತಿದ್ದೆ. ನಾಚಿಕೆಗಿಂತ ದುಃಖವೇ ಹೆಚ್ಚಾಗಿತ್ತು.

ಹೊರಗೆ ವಾಲಗ ಶುರುವಾಯಿತು. ಬಾಗಿಲು ತೆರೆಯಿತು. ಸರ್ವಾಲಂಕಾರದಲ್ಲಿ ಸುಜಯಳೇ ನಿಂತಿದ್ದಳು.

"ತಮ್ಮಲೆ, ಹೊತ್ತಾಯ್ತು. ಏಳಿ."

"ಹೂವು ಹಾಳಾಯ್ತು ಮಗಳೇ..."

"ಗೊತ್ತುಂಟು. ನನ್ನನ್ನು ಮಂಟಪಕ್ಕೆ ಕರ್ಕೊಂಡು ಹೋಗ್ಲಿಕ್ಕೆ ಹೂವು ಬರ್ತದಾ?"

ಎದ್ದು ಅವಳ ಕೈ ಹಿಡಿದೆ. ಅಂಗಳ ದಾಟುವಾಗ ಮದುಮಗಳನ್ನು ಸೋದರಮಾವ ಕರೆದೊಯ್ಯುತ್ತಿದ್ದಾನೆಂದೇ ನೆಂಟರೆಲ್ಲ ತಿಳಿದರು.