ಜಾಗ ಹಿಡಿದ ಚಪ್ಪಲಿ

ಮಳೆಯಲ್ಲಿ ನೆನೆದ ತೊಗಲಿನ ವಾಸನೆ ಮೂಗಿಗೆ ಬಡಿದರೆ ಸಾಕು, ಶಲವಡಿ ದಾರಿಯ ನಮ್ಮ ಕರಿಮಣ್ಣಿನ ಎರೆಹೊಲವೂ, ಅಲ್ಲಿ ಒಂದೇ ಚಪ್ಪಲಿ ಹಿಡಿದು ನಿಂತ ಅಜ್ಜನೂ ಕಣ್ಣಿಗೆ ಕಟ್ಟುತ್ತಾರೆ. ಆಗ ನನಗೆ ಹತ್ತು ವರ್ಷ. ಅಜ್ಜನಿಗೆ ಸಕ್ಕರೆ ಕಾಯಿಲೆ, ಮೇಲೆ ಎದೆಯೂ ಸೋತಿತ್ತು. ಹೊಸ್ತಿಲು ದಾಟಕೂಡದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಆದರೆ ಸೀಗೆಹುಣ್ಣಿಮೆ ಬಂತಲ್ಲ. ಅಂದು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೋಗಿ ಹೊಲಕ್ಕೆ ಚರಗ ಚೆಲ್ಲಬೇಕು. ಮುಂದಿನವರು ಅನ್ನ, ಕಡಬು ತೂರುತ್ತಾ "ಹುಲ್ಲುಲ್ಲಿಗೋ" ಎಂದು ಕೂಗಿದರೆ, ಹಿಂದಿನವರು ನೀರು ಚಿಮುಕಿಸುತ್ತಾ "ಸಲಾಂಬ್ರಿಗೋ" ಎನ್ನಬೇಕು. ನಮ್ಮ ಮನೆಯಲ್ಲಿ ಮುಂದಿನವನು ಎಂದಿಗೂ ಅಜ್ಜನೇ. ಇದೇ ಕಡೆಯ ಸಲ, ನಾಲ್ಕೂ ಮೂಲೆಗೆ ನಾನೇ ಚೆಲ್ಲುವೆನೆಂದು ಹಟ ಹಿಡಿದ.

"ಹಾದ್ಯಾಗ ಏನರ ಆದ್ರ?" ಎಂದಳು ಅಪ್ಪನ ಅಕ್ಕ ಗಂಗತ್ತೆ.

"ಆಗ್ಲಿ ಬಿಡವಾ. ಹೆಂಗೂ ಅಲ್ಲೇ ಹುಗಿಯೂದಲ್ಲ, ಹೊತಗೊಂಡ ಹೋಗೂ ತ್ರಾಸರ ತಪ್ಪತೈತಿ" ಎಂದ ಅಜ್ಜ. ನಮ್ಮಲ್ಲಿ ಸತ್ತವರನ್ನು ಸ್ವಂತ ಹೊಲದಲ್ಲೇ ಮಣ್ಣು ಮಾಡುವ ವಾಡಿಕೆ. ಬೇವಿನ ಮರದ ಮೂಲೆಯನ್ನು ಅವನೇ ಗೊತ್ತು ಮಾಡಿಟ್ಟಿದ್ದ.

ಹಿಂದಿನ ದಿನ ಜೋರು ಮಳೆಯಾಗಿತ್ತು. ಟ್ರ್ಯಾಕ್ಟರು ಬದುವಿನಲ್ಲೇ ಹೂತು ಕುಳಿತಿತು. ಚರಗವನ್ನು ಬರಿಗಾಲಲ್ಲಿ ಚೆಲ್ಲುವುದು ರೂಢಿ. ಸಕ್ಕರೆ ಕಾಲಿಗೆ ಮುಳ್ಳು ಚುಚ್ಚೀತೆಂದು ಅತ್ತೆ ಅಜ್ಜನಿಗೆ ಚಪ್ಪಲಿ ಮೆಟ್ಟಿಸಿಯೇ ಬಿಟ್ಟಳು. ಒದ್ದೆ ಎರೆಯಲ್ಲಿ ಈ ತಪ್ಪನ್ನು ನಮ್ಮೂರ ಮಕ್ಕಳೂ ಮಾಡುವುದಿಲ್ಲ. ಹೆಜ್ಜೆಹೆಜ್ಜೆಗೂ ಕಾಲಡಿಯಲ್ಲಿ ಮಣ್ಣು ಮೆತ್ತಿಕೊಂಡು, ಮೂರನೇ ಮೂಲೆ ಮುಗಿಯುವಷ್ಟರಲ್ಲಿ ಅಜ್ಜ ಇನ್ನೂ ಒಂದು ಗೇಣು ಎತ್ತರವಾಗಿದ್ದ. ಬೇವಿನ ಮರ ಇನ್ನೇನು ಹತ್ತು ಮಾರು ಎನ್ನುವಾಗ ಬಲಗಾಲು ಹೂತಿತು. ಅಪ್ಪ ಅಜ್ಜನ ರಟ್ಟೆ ಹಿಡಿದ, ಅತ್ತೆ ಅಪ್ಪನನ್ನು ಹಿಡಿದಳು. ಪಚಕ್ಕನೆ ಕಾಲು ಬಂತು, ಚಪ್ಪಲಿ ಬರಲಿಲ್ಲ. ಮೂವರೂ ಕೆಸರಲ್ಲಿ ಕುಳಿತರು. ಅಜ್ಜ ನಕ್ಕ, ಕೆಮ್ಮಿದ, ಮತ್ತೆ ನಕ್ಕ. ನಗುತ್ತಲೇ ಸತ್ತುಹೋದಾನೆಂದು ನನಗೆ ಅಳು ಬಂತು. ಅಪ್ಪ ಮೊಣಕೈವರೆಗೆ ಕೈಯಿಳಿಸಿ ತಡಕಾಡಿದ.

"ಬಿಡಲೇ ಅದನ್ನ" ಎಂದ ಅಜ್ಜ. "ಬಸ್ಸಿನ ಸೀಟಿಗೆ ಟಾವೆಲ್ ಒಗೀತೀವಿಲ್ಲೋ, ಹಂಗ. ನನ್ನ ಜಾಗಾ ಹಿಡಕೊಂಡ ಕುಂತಿರ್ತೈತಿ."

ಉಳಿದ ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಬರಿಗಾಲಲ್ಲಿ ಆ ಮೂಲೆಗೂ ಹೋಗಿ ಚೆಲ್ಲಿದ. ಉಸಿರು ಸಾಲದೆ ಕೂಗು ಅರ್ಧಕ್ಕೇ ನಿಂತಿತು. ಮಿಕ್ಕರ್ಧವನ್ನು, ನೀರಿನ ತಂಬಿಗೆ ಹಿಡಿದಿದ್ದ ನಾನು ಕೂಗಿ ಮುಗಿಸಿದೆ.

ಎಳ್ಳಮಾವಾಸ್ಯೆಗೆ ಮೊದಲೇ ಅಜ್ಜ ಹೋದ, ಡಾಕ್ಟರು ಹೇಳಿದಂತೆ ಹಾಸಿಗೆಯಲ್ಲೇ. ಮಣ್ಣು ಮುಗಿದು ಮಂದಿ ಚದುರಿದ ಮೇಲೆ ಅತ್ತೆ ಸೆರಗಿನೊಳಗಿಂದ ಎಡಗಾಲಿನ ಚಪ್ಪಲಿ ತೆಗೆದು, ಕಳೆ ತೆಗೆಯುವ ಕುರ್ಚಿಗಿಯಿಂದ ನೆಲ ಕೆದರಿ ಅಲ್ಲೇ ಹುಗಿದಳು. "ಒಂದ ಇಟಗೊಂಡು ನಾವೇನ ಮಾಡೂಣು" ಎಂದು ನಕ್ಕವಳು ಬೇವಿನ ಬುಡ ಹಿಡಿದು ಬಹಳ ಹೊತ್ತು ಅತ್ತಳು.

ಅಪ್ಪನೂ ಈಗ ಅದೇ ಮೂಲೆಯಲ್ಲಿದ್ದಾನೆ. ಮುಂದಿನವಳು ನಾನು, ಹಿಂದೆ ತಂಬಿಗೆ ಹಿಡಿದವಳು ನನ್ನ ಮಗಳು. ಅಜ್ಜ ಹೊಲದ ಜೊತೆಗೆ ಸಕ್ಕರೆಯನ್ನೂ ನನಗೆ ಬಿಟ್ಟುಹೋಗಿದ್ದಾನೆ, ಆದ್ದರಿಂದ ಈ ಸಲ ಚಪ್ಪಲಿ ಹಾಕಿಕೊಂಡೇ ಚರಗಕ್ಕೆ ಇಳಿದೆ. ಈ ಸಲವೂ ಮಳೆಯಾಗಿತ್ತು. ಬೇವಿನ ಹತ್ತಿರ ಮಣ್ಣು ನನ್ನ ಬಲಗಾಲನ್ನು ಹಿಡಿಯಿತು. ಕಾಲು ಬಂತು, ಚಪ್ಪಲಿ ಬರಲಿಲ್ಲ. ಮೊಣಕಾಲೂರಿ, ಎರಡೂ ಕೈ ಹಾಕಿ ಬಗೆಯತೊಡಗಿದೆ.

"ಹೋಗ್ಲಿ ಬಿಡಬೇ ಯವ್ವಾ, ಹೊಸಾದು ತರೂಣು" ಎಂದಳು ಮಗಳು.

ಬಿಡಲಿಲ್ಲ. ಕಿತ್ತು ತೆಗೆದು ಎದೆಗೆ ಅವಚಿಕೊಂಡೆ. ಆಕೆಗೆ ಇನ್ನೂ ಹತ್ತೇ ವರ್ಷ.